ಆರ್‌ಎನ್‌ಎ ಲ್ಯಾಬಿನಲ್ಲಿ ಜಾಗ ಹುಡುಕಿದ್ದು: ನನ್ನ ಅನುಭವ

ಎಂ.ಎಸ್ಸಿ. ಕೊನೆಯ ವರ್ಷದವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: "ವೇಕೆನ್ಸಿ ಎಲ್ಲಿದೆ?" ಪ್ರಶ್ನೆ ಸಹಜವೇ. ಆದರೆ ಜಾಹೀರಾತು ಬರುವುದು ಎಲ್ಲಕ್ಕಿಂತ ಕೊನೆಗೆ. ಹುದ್ದೆ ಹುಟ್ಟುವುದು ಲ್ಯಾಬಿಗೆ ಹಣ ಬಂದಾಗ. ಅದು ನಿಮಗೆ ಸಿಗುವುದು, ನಿಮ್ಮ ಕೈಯಲ್ಲಿ ಏನು ಕೆಲಸ ಇದೆ ಅಂತ ಆ ಲ್ಯಾಬಿಗೆ ಗೊತ್ತಾದಾಗ. ಇವೆರಡನ್ನೂ ಮೊದಲೇ ತಿಳಿದುಕೊಳ್ಳಲು ಸಾಧ್ಯ. ನಾನು ಹೇಗೆ ತಿಳಿದುಕೊಂಡೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಓದಿದ್ದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ, ಬಯೋಕೆಮಿಸ್ಟ್ರಿ. ಆಮೇಲೆ ಬೆಂಗಳೂರಿನ ಒಂದು ಯೀಸ್ಟ್ ಲ್ಯಾಬಿನಲ್ಲಿ ಪ್ರಾಜೆಕ್ಟ್ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ) ಆಗಿ ಸೇರಿದೆ. ಅಲ್ಲೇ ಪಿಎಚ್‌.ಡಿ. ಆಯಿತು. ಈಗ ಅಮೆರಿಕದ ಮಿಡ್‌ವೆಸ್ಟ್ ಭಾಗದ ವಿಶ್ವವಿದ್ಯಾಲಯವೊಂದರಲ್ಲಿ ಪೋಸ್ಟ್‌ಡಾಕ್, ಅಂದರೆ ಪಿಎಚ್‌.ಡಿ. ನಂತರದ ಸಂಶೋಧನಾ ಹುದ್ದೆ. ಪ್ರೋಟೀನ್ ತಯಾರಿಗೆ ಡಿಎನ್‌ಎಯ ಸಂದೇಶ ಒಯ್ಯುವ ಎಂಆರ್‌ಎನ್‌ಎ ಕೋಶದೊಳಗೆ ಎಷ್ಟು ಹೊತ್ತು ಉಳಿಯುತ್ತದೆ, ಯಾರು ಅದನ್ನು ಯಾವಾಗ ಒಡೆದುಹಾಕುತ್ತಾರೆ ಅನ್ನುವುದೇ ನನ್ನ ವಿಷಯ.

ಮೊದಲು ಪ್ರಾಜೆಕ್ಟ್ ಜೆಆರ್‌ಎಫ್ ಬಗ್ಗೆ. ಪ್ರಾಧ್ಯಾಪಕರೊಬ್ಬರಿಗೆ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ ಡಿಬಿಟಿಯಿಂದಲೋ, ಹಿಂದಿನ ಎಸ್‌ಇಆರ್‌ಬಿ ಜಾಗಕ್ಕೆ ಈಗ ಬಂದಿರುವ ಸಂಶೋಧನಾ ನಿಧಿ ಸಂಸ್ಥೆ ಎಎನ್‌ಆರ್‌ಎಫ್‌ನಿಂದಲೋ ಒಂದು ಪ್ರಾಜೆಕ್ಟ್ ಮಂಜೂರಾಗುತ್ತದೆ. ಅದರಲ್ಲಿ ಒಬ್ಬಿಬ್ಬರ ಸಂಬಳಕ್ಕೆ ದುಡ್ಡು ಇಟ್ಟಿರುತ್ತಾರೆ. ಪ್ರಾಜೆಕ್ಟ್ ಮುಗಿದರೆ ಹುದ್ದೆಯೂ ಮುಗಿಯಿತು. ಸಿಎಸ್‌ಐಆರ್, ಡಿಬಿಟಿ ಅಥವಾ ಐಸಿಎಂಆರ್ ಪರೀಕ್ಷೆ ಬರೆದು ಪಡೆದ ಫೆಲೋಶಿಪ್ ಹಾಗಲ್ಲ. ಆ ದುಡ್ಡು ನಿಮ್ಮ ಹೆಸರಿಗೇ ಬರುತ್ತದೆ, ಲ್ಯಾಬಿನ ಪ್ರಾಜೆಕ್ಟ್ ಮುಗಿದರೂ ನಿಲ್ಲುವುದಿಲ್ಲ. ಇನ್ನೊಂದು ಮಾತು: ಪ್ರಾಜೆಕ್ಟ್ ಜೆಆರ್‌ಎಫ್ ಆದರೆ ಪಿಎಚ್‌.ಡಿ.ಗೆ ಸೇರಿದ ಹಾಗೆ ಅಲ್ಲ. ಅದಕ್ಕೆ ಸಂಸ್ಥೆಯ ಇಂಟರ್‌ವ್ಯೂ ಬೇರೆಯೇ ಇರುತ್ತದೆ. ನಾನು ಬೆಂಚಿನ ಕೆಲಸ ಮಾಡುತ್ತಲೇ ಫೆಲೋಶಿಪ್ ಪರೀಕ್ಷೆಯಾದ ನೆಟ್ ಬರೆದೆ. ಫೆಲೋಶಿಪ್ ಸಿಕ್ಕ ಮೇಲೆ ಆ ಇಂಟರ್‌ವ್ಯೂಗೆ ಹೋದೆ. ಅಷ್ಟು ಹೊತ್ತಿಗೆ ಲ್ಯಾಬಿನವರಿಗೆ ನನ್ನ ಕೆಲಸ ಗೊತ್ತಿತ್ತು, ನನಗೂ ಆ ಲ್ಯಾಬ್ ಗೊತ್ತಿತ್ತು. ಅಪರಿಚಿತ ಜಾಗದಲ್ಲಿ ಐದಾರು ವರ್ಷ ಕಳೆಯುವುದಕ್ಕಿಂತ ಇದು ಎಷ್ಟೋ ವಾಸಿ.

ನಾನು ಸೇರಿದಾಗ ಜೆಆರ್‌ಎಫ್‌ಗೆ ತಿಂಗಳಿಗೆ 25,000 ರೂಪಾಯಿ ಇತ್ತು. 2019ರಲ್ಲಿ 31,000 ಆಯಿತು. 2023ರ ಜನವರಿಯಿಂದ 37,000, ಮುಂದಿನ ಹಂತವಾದ ಎಸ್‌ಆರ್‌ಎಫ್‌ಗೆ (ಸೀನಿಯರ್ ರಿಸರ್ಚ್ ಫೆಲೋ) 42,000. ಮನೆ ಬಾಡಿಗೆ ಭತ್ಯೆ ಬೇರೆ. ಇದು ಕಾಗದದ ಲೆಕ್ಕ. ಕೈಗೆ ಬರುವುದು ಕೆಲವೊಮ್ಮೆ ತಿಂಗಳುಗಟ್ಟಲೆ ತಡ. ಬೆಂಗಳೂರಿಗೆ ಬರುವವರು ಒಂದಷ್ಟು ತಿಂಗಳ ಖರ್ಚಿಗೆ ದುಡ್ಡು ಹೊಂದಿಸಿಕೊಂಡೇ ಬನ್ನಿ. ಪಿಜಿಯವರು ಸ್ಟೈಪೆಂಡ್ ಬರುವವರೆಗೆ ಕಾಯುವುದಿಲ್ಲ.

ಪ್ರಾಜೆಕ್ಟ್ ಜೆಆರ್‌ಎಫ್ ಇಂಟರ್‌ವ್ಯೂನಲ್ಲಿ ಅಂಕಪಟ್ಟಿಯ ಬಗ್ಗೆ ಹೆಚ್ಚು ಮಾತಾಗಲಿಲ್ಲ. ಒಬ್ಬರು ಸೀಮೆಸುಣ್ಣ ಕೊಟ್ಟು, "ಡಿಎನ್‌ಎಗಿಂತ ಆರ್‌ಎನ್‌ಎ ಬೇಗ ಯಾಕೆ ಒಡೆಯುತ್ತೆ? ಬರೆದು ತೋರಿಸಿ" ಅಂದರು. ರೈಬೋಸ್ ಸಕ್ಕರೆ ಬರೆದೆ. ಎರಡನೇ ಇಂಗಾಲದ ಮೇಲೆ ಹೈಡ್ರಾಕ್ಸಿಲ್ ಗುಂಪು ಬರೆದೆ. ಕ್ಷಾರದಲ್ಲಿ ಅದು ಪಕ್ಕದ ಫಾಸ್ಫೇಟಿನ ಮೇಲೆ ಎರಗಿ ಸರಪಳಿ ತುಂಡಾಗುತ್ತದೆ, ಡಿಎನ್‌ಎಯಲ್ಲಿ ಆ ಹೈಡ್ರಾಕ್ಸಿಲ್ಲೇ ಇಲ್ಲ ಅಂದೆ. "ಹಾಗಾದ್ರೆ ಲ್ಯಾಬಿನಲ್ಲಿ ಏನೇನು ಎಚ್ಚರಿಕೆ ತಗೋತೀರಿ?" ಅನ್ನುವುದು ಮುಂದಿನ ಪ್ರಶ್ನೆ. ಆರ್‌ಎನ್‌ಎ ಲ್ಯಾಬಿನ ಇಂಟರ್‌ವ್ಯೂ ಸಾಮಾನ್ಯವಾಗಿ ಇದೇ ದಾರಿಯಲ್ಲಿ ಹೋಗುತ್ತದೆ. ಪುಸ್ತಕದಲ್ಲಿ ಓದಿದ ರಸಾಯನಶಾಸ್ತ್ರ ನಾಳೆ ಬೆಂಚಿನ ಮೇಲೆ ಏನಾಗುತ್ತದೆ ಅಂತ ಹೇಳಲು ಬಂದರೆ ಅರ್ಧ ಕೆಲಸ ಆದಂತೆ.

ಸೇರಿದ ಮೇಲೆ ಕೈ ಪಳಗಿಸಿದ್ದು ಮಂಡ್ಯ ಕಡೆಯ ಸೀನಿಯರ್ ಅಕ್ಕ. ಮೊದಲ ದಿನವೇ ಒಂದು ಪಿಪೆಟ್ ಸೆಟ್ ತೋರಿಸಿ, "ಇದು ಮಡಿ. ಪ್ಲಾಸ್ಮಿಡ್ ಮಿನಿಪ್ರೆಪ್ ಮಾಡಿದ ಕೈಯಲ್ಲಿ ಇದನ್ನು ಮುಟ್ಟಬೇಡ" ಅಂದರು. ತಮಾಷೆಗೆ ಹೇಳಿದ್ದಲ್ಲ. ಬ್ಯಾಕ್ಟೀರಿಯಾದಿಂದ ಪ್ಲಾಸ್ಮಿಡ್ ಡಿಎನ್‌ಎ ತೆಗೆಯುವ ಆ ಮಿನಿಪ್ರೆಪ್ ಬಫರಿನಲ್ಲಿ ಆರ್‌ಎನ್‌ಎ ಒಡೆಯುವ ಕಿಣ್ವ, ಆರ್‌ಎನ್‌ಏಸ್ ಎ, ಇರುತ್ತದೆ. ಕುದಿಸಿದರೂ ಅದು ಸಾಯುವುದಿಲ್ಲ. ತಣ್ಣಗಾದ ಮೇಲೆ ಮತ್ತೆ ಮಡಚಿಕೊಂಡು ಕೆಲಸ ಶುರು ಮಾಡುತ್ತದೆ. ನಮ್ಮ ಚರ್ಮದ ಮೇಲೂ ಇಂಥ ಕಿಣ್ವ ಇದೆ. ಅದಕ್ಕೇ ಗ್ಲೌಸ್ ಹಾಕುವುದು, ಆ ಗ್ಲೌಸಿನಲ್ಲಿ ಮೊಬೈಲ್ ಮುಟ್ಟಿದರೆ ಬದಲಿಸುವುದು. ನೀರಿಗೆ ಈ ಕಿಣ್ವವನ್ನು ಕೆಡಿಸುವ ಡಿಇಪಿಸಿ ಎಂಬ ರಾಸಾಯನಿಕ ಹಾಕಿ ಆಟೋಕ್ಲೇವ್ ಮಾಡಬೇಕು. ಆದರೆ ಟ್ರಿಸ್ ಬಫರಿಗೆ ನೇರವಾಗಿ ಹಾಕಬಾರದು, ಡಿಇಪಿಸಿ ಟ್ರಿಸ್ ಜೊತೆಗೇ ಸೇರಿ ಖಾಲಿಯಾಗುತ್ತದೆ.

ಯೀಸ್ಟಿನಿಂದ ಆರ್‌ಎನ್‌ಎ ತೆಗೆಯಲು ನಮ್ಮಲ್ಲಿ ಬಿಸಿ ಆಸಿಡ್ ಫೀನಾಲ್ ವಿಧಾನ. ಕೋಶಗಳನ್ನು ಫೀನಾಲಿನಲ್ಲಿ 65 ಡಿಗ್ರಿಯಲ್ಲಿ ಇಟ್ಟು ಆಗಾಗ ವೋರ್ಟೆಕ್ಸ್ ಮಾಡಬೇಕು. ಫೀನಾಲ್ ಚರ್ಮಕ್ಕೆ ತಾಗಿದರೆ ಸುಡುತ್ತದೆ, ಎಲ್ಲವೂ ಹುಡ್‌ನಲ್ಲೇ ನಡೆಯಬೇಕು. ಸೆಂಟ್ರಿಫ್ಯೂಜ್ ತಿರುಗಿಸಿದ ಮೇಲೆ ಟ್ಯೂಬಿನಲ್ಲಿ ಮೂರು ಪದರ ಕಾಣುತ್ತದೆ. ಕೆಳಗೆ ಫೀನಾಲ್, ಮಧ್ಯೆ ಬಿಳಿ ಪ್ರೋಟೀನ್ ಕೆನೆ, ಮೇಲೆ ತಿಳಿ ನೀರು. ಆಮ್ಲೀಯ ಫೀನಾಲ್ ಆದ್ದರಿಂದ ಡಿಎನ್‌ಎ ಕೆಳಗೂ ಮಧ್ಯಕ್ಕೂ ಹೋಗುತ್ತದೆ, ಆರ್‌ಎನ್‌ಎ ಮೇಲಿನ ನೀರಿನಲ್ಲೇ ಉಳಿಯುತ್ತದೆ. "ಆಸೆಪಟ್ಟು ಪೂರ್ತಿ ಎಳೀಬೇಡ, ಕೆನೆ ಮೇಲೆ ಸ್ವಲ್ಪ ನೀರು ಬಿಡು" ಅನ್ನುತ್ತಿದ್ದರು ಅಕ್ಕ. ಆಮೇಲೆ ಎಥನಾಲ್ ಹಾಕಿ ತಣ್ಣಗಿಟ್ಟರೆ ತಳದಲ್ಲಿ ಬಿಳಿ ಚುಕ್ಕೆ ಕೂರುತ್ತದೆ. ಅದನ್ನು ತೀರಾ ಒಣಗಿಸಬಾರದು, ಮತ್ತೆ ಕರಗುವುದಿಲ್ಲ. ಜೆಲ್‌ನಲ್ಲಿ ರೈಬೋಸೋಮಿನ ಆರ್‌ಎನ್‌ಎಗಳಾದ 25ಎಸ್ ಮತ್ತು 18ಎಸ್ ಎರಡು ಗೆರೆ ಚೂಪಾಗಿ ಕಂಡು, ಮೇಲಿನದು ಕೆಳಗಿನದಕ್ಕಿಂತ ಸುಮಾರು ಎರಡು ಪಟ್ಟು ಹೊಳೆದರೆ ಮುಂದಕ್ಕೆ. ಕೆಳಗಡೆ ಹೊಗೆಯಂತೆ ಹರಡಿದ್ದರೆ ಮೊದಲಿಂದ ಶುರು. ಇದು ಯಾವ ಕೋರ್ಸಿನಲ್ಲೂ ಬರುವುದಿಲ್ಲ. ಪಕ್ಕದಲ್ಲಿ ನಿಂತು ತೋರಿಸುವವರು ಬೇಕು. ಹಾಗಾಗಿ ಯಾವ ಲ್ಯಾಬಿಗೆ ಸೇರುವ ಮೊದಲೂ ನಾನು ಕೇಳಿಕೊಳ್ಳುವ ಪ್ರಶ್ನೆ ಇದು: ನನಗೆ ಕಲಿಸುವವರು ಯಾರು, ಅವರು ಇನ್ನೂ ಎಷ್ಟು ದಿನ ಅಲ್ಲಿರುತ್ತಾರೆ?

ಪೋಸ್ಟ್‌ಡಾಕ್ ಹುಡುಕುವಾಗ ನಾನು ಖಾಲಿ ಹುದ್ದೆಗಳ ಪಟ್ಟಿಯಿಂದ ಶುರು ಮಾಡಲಿಲ್ಲ. ನನ್ನ ಥೀಸಿಸ್‌ನಲ್ಲಿ ಮತ್ತೆ ಮತ್ತೆ ಉಲ್ಲೇಖಿಸಿದ ಪ್ರಬಂಧಗಳು ಯಾರವು ಅಂತ ನೋಡಿದೆ. ಅವರಲ್ಲಿ ಅಮೆರಿಕದವರನ್ನು ಎನ್‌ಐಎಚ್ (ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ) ರಿಪೋರ್ಟರ್ ಎಂಬ ಡೇಟಾಬೇಸ್‌ನಲ್ಲಿ ಹುಡುಕಿದೆ. ಇದು ಎಲ್ಲರಿಗೂ ತೆರೆದಿದೆ. ಪ್ರಾಧ್ಯಾಪಕರ ಹೆಸರು ಹಾಕಿದರೆ ಯಾವ ಗ್ರಾಂಟ್ ಇದೆ, ಯಾವ ವರ್ಷ ಮುಗಿಯುತ್ತದೆ, ಏನು ಮಾಡುತ್ತೇವೆಂದು ಹೇಳಿಕೊಂಡಿದ್ದಾರೆ, ಎಲ್ಲ ಕಾಣುತ್ತದೆ. ಆರ್01 ಎನ್ನುವ ಗ್ರಾಂಟ್ ಸಾಮಾನ್ಯವಾಗಿ ನಾಲ್ಕೈದು ವರ್ಷದ್ದು. ಅದು ಹೊಸದಾಗಿ ಬಂದಿದ್ದರೆ ಜನ ಬೇಕಾಗಿರುತ್ತಾರೆ, ಜಾಹೀರಾತು ಇನ್ನೂ ಹಾಕಿರಲಿಕ್ಕಿಲ್ಲ. ಮುಂದಿನ ವರ್ಷವೇ ಮುಗಿಯುವುದಾದರೆ ಮಾತುಕತೆ ಎಷ್ಟೇ ಚೆನ್ನಾಗಿ ನಡೆದರೂ ಕಷ್ಟ. 2025ರಲ್ಲಿ ಎನ್‌ಐಎಚ್ ಎಷ್ಟೋ ಗ್ರಾಂಟ್‌ಗಳನ್ನು ನಡುವೆಯೇ ನಿಲ್ಲಿಸಿತು. ಹಾಗಾಗಿ ಈಗ ಈ ಹುಡುಕಾಟ ಇನ್ನೂ ಮುಖ್ಯ. ದುಡ್ಡಿನ ವಿಷಯ ಕೇಳಿದರೆ ತಪ್ಪು ತಿಳಿಯುತ್ತಾರೇನೋ ಅಂತ ನಮ್ಮವರು ಹಿಂಜರಿಯುತ್ತಾರೆ. ಹಿಂಜರಿಯಬೇಡಿ. ನೇರವಾಗಿ ಕೇಳಿದರೆ ಅಲ್ಲಿಯವರು ನೇರವಾಗಿಯೇ ಹೇಳುತ್ತಾರೆ.

ಭಾರತದಿಂದ ಹೋಗುವವರಿಗೆ ಇನ್ನೊಂದು ಕಾರಣಕ್ಕೂ ಇದು ಬೇಕು. ಎನ್‌ಐಎಚ್‌ನ ಟಿ32 ತರಬೇತಿ ಹುದ್ದೆಗಳು ಮತ್ತು ಎಫ್32 ಫೆಲೋಶಿಪ್ ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಅಂದರೆ ನಮ್ಮ ಸಂಬಳ ಹೆಚ್ಚಿನ ಸಲ ಪಿಐ, ಅಂದರೆ ಲ್ಯಾಬಿನ ಮುಖ್ಯಸ್ಥರ ಗ್ರಾಂಟಿನಿಂದಲೇ ಬರಬೇಕು. ಪೋಸ್ಟ್‌ಡಾಕ್‌ನಿಂದ ಸ್ವಂತ ಲ್ಯಾಬಿಗೆ ದಾಟಲು ಕೊಡುವ ಕೆ99 ಪ್ರಶಸ್ತಿಗೆ ಪೌರತ್ವದ ಷರತ್ತಿಲ್ಲ, ಆದರೆ ಪೋಸ್ಟ್‌ಡಾಕ್ ಅನುಭವ ನಾಲ್ಕು ವರ್ಷ ಮೀರಿರಬಾರದು. ಹೋದ ದಿನದಿಂದಲೇ ಆ ಗಡಿಯಾರ ಓಡುತ್ತಿರುತ್ತದೆ. ಸಂಬಳಕ್ಕೆ ಹಲವು ವಿಶ್ವವಿದ್ಯಾಲಯಗಳು ಎನ್‌ಐಎಚ್ ದರವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುತ್ತವೆ. 2024ರಲ್ಲಿ ಹೊಸ ಪೋಸ್ಟ್‌ಡಾಕ್‌ಗೆ ಅದು ವರ್ಷಕ್ಕೆ 61,008 ಡಾಲರ್ ಇತ್ತು.

ಇನ್ನು ಇಮೇಲ್. "ನಿಮ್ಮ ಪ್ರತಿಷ್ಠಿತ ಪ್ರಯೋಗಾಲಯದಲ್ಲಿ ಕೆಲಸ ಮಾಡಲು ಉತ್ಸುಕನಾಗಿದ್ದೇನೆ" ಎಂಬ ಥರದ ಪತ್ರಗಳು ಅವರಿಗೆ ಬರುತ್ತಲೇ ಇರುತ್ತವೆ. ಹೆಸರು ಬದಲಿಸಿ ಯಾರಿಗೆ ಬೇಕಾದರೂ ಕಳಿಸಬಹುದಾದ ಪತ್ರ ಅದು. ನಾನು ಈಗಿನ ಪಿಐಗೆ ಬರೆದ ಪತ್ರದ ಮುಖ್ಯ ಭಾಗ ಕನ್ನಡದಲ್ಲಿ ಹೇಳಿದರೆ ಹೀಗಿತ್ತು:

"ನಿಮ್ಮ ಪ್ರಬಂಧದ ನಾಲ್ಕನೇ ಚಿತ್ರದಲ್ಲಿ ಆರ್‌ಪಿಬಿ1-1 ಯೀಸ್ಟ್ ತಳಿಯನ್ನು (ಬಿಸಿಯಾದರೆ ಇದರಲ್ಲಿ ಎಂಆರ್‌ಎನ್‌ಎ ತಯಾರಿಸುವ ಪಾಲಿಮರೇಸ್ ಕಿಣ್ವ ನಿಲ್ಲುತ್ತದೆ) 37 ಡಿಗ್ರಿಗೆ ಏರಿಸಿ, ಹೊಸ ಎಂಆರ್‌ಎನ್‌ಎ ತಯಾರಿ ನಿಲ್ಲಿಸಿ, ಹಳೆಯದರ ಅರ್ಧಾಯುಷ್ಯ ಅಳೆದಿದ್ದೀರಿ. ಆ ಬಿಸಿಯೇ ಯೀಸ್ಟಿಗೆ ಒಂದು ಆಘಾತ. ನಿಮ್ಮ ಪ್ರಬಂಧದ ಪ್ರೋಟೀನ್ ಬಿಸಿಗೆ ಜಾಗ ಬದಲಿಸುವುದನ್ನು ನಾನು ಮೈಕ್ರೋಸ್ಕೋಪಿನಲ್ಲಿ ನೋಡಿದ್ದೇನೆ. ಬಿಸಿ ಮಾಡದೆ, ಆಕ್ಸಿನ್ ಡಿಗ್ರಾನ್ (ಬೇಕಾದ ಪ್ರೋಟೀನನ್ನು ಕೋಶವೇ ಒಡೆಯುವಂತೆ ಮಾಡುವ ವಿಧಾನ) ಬಳಸಿ ಪಾಲಿಮರೇಸನ್ನೇ ಕೋಶದಿಂದ ತೆಗೆದು 30 ಡಿಗ್ರಿಯಲ್ಲಿ ಅಳೆದರೂ ಇದೇ ಫಲಿತಾಂಶ ಬರುತ್ತದೆಯೇ? ಅಂಥ ತಳಿಯನ್ನು ನಾನು ಕಟ್ಟಿದ್ದೇನೆ. ನಾರ್ದರ್ನ್ ಬ್ಲಾಟ್ (ಜೆಲ್‌ನಲ್ಲಿ ಬೇರ್ಪಡಿಸಿದ ಆರ್‌ಎನ್‌ಎಯಲ್ಲಿ ಬೇಕಾದ್ದನ್ನು ಗುರುತಿಸುವುದು) ಮತ್ತು ಪಾಲಿಸೋಮ್ ಪ್ರೊಫೈಲಿಂಗ್ (ಎಂಆರ್‌ಎನ್‌ಎ ಮೇಲೆ ಎಷ್ಟು ರೈಬೋಸೋಮ್ ಕೂತಿವೆ ಅಂತ ನೋಡುವುದು) ನಾನೇ ಮಾಡುತ್ತೇನೆ."

ಇದರ ಜೊತೆ ನನ್ನ ಒಂದು ಜೆಲ್ ಚಿತ್ರ, ಸಿವಿ. ಅಷ್ಟೇ. ಬಂದ ಉತ್ತರ ಚಿಕ್ಕದು: ರಿವ್ಯೂವರ್ ಕೂಡ ಇದನ್ನೇ ಕೇಳಿದ್ದರು, ಜೂಮ್‌ನಲ್ಲಿ ಮಾತಾಡೋಣ. ಒಂದು ಪತ್ರಕ್ಕೆ ಒಂದು ವಾರ ಓದಬೇಕಾಗಬಹುದು. ಸುಮ್ನೆ ರಾಶಿ ಪತ್ರ ಕಳಿಸುವ ಬದಲು ಹೀಗೆ ಬರೆದ ನಾಲ್ಕು ಪತ್ರ ಜಾಸ್ತಿ ದೂರ ಹೋಗುತ್ತವೆ ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ.

ಇಂಟರ್‌ವ್ಯೂ ದಿನ ಸೆಮಿನಾರ್ ಕೊಟ್ಟ ಮೇಲೆ ಲ್ಯಾಬಿನ ಒಬ್ಬೊಬ್ಬರ ಜೊತೆ ಬೇರೆಬೇರೆಯಾಗಿ ಮಾತಿಗೆ ಸಮಯ ಕೇಳಿದೆ. ಪಿಐ ಇಲ್ಲದಾಗ ಆಡುವ ಮಾತೇ ಬೇರೆ, ಅಲ್ವಾ? ಹಿಂದಿನ ಪೋಸ್ಟ್‌ಡಾಕ್‌ಗಳು ಈಗ ಎಲ್ಲಿದ್ದಾರೆ, ಪ್ರಬಂಧ ಬರೆದ ಮೇಲೆ ಪಿಐ ಮೇಜಿನ ಮೇಲೆ ಎಷ್ಟು ದಿನ ಕೂರುತ್ತದೆ, ರಜೆಗೆ ಊರಿಗೆ ಹೋಗಿ ಬಂದವರನ್ನು ಹೇಗೆ ಮಾತಾಡಿಸುತ್ತಾರೆ ಅಂತೆಲ್ಲ ಕೇಳಿದೆ. ಪಿಐಗೆ ಕೇಳಿದ್ದು ಮುಖ್ಯವಾಗಿ ಒಂದು: "ಇಲ್ಲಿಂದ ಹೋಗುವಾಗ ಈ ಕೆಲಸದ ಯಾವ ಭಾಗ ನನ್ನ ಜೊತೆ ಬರುತ್ತದೆ?" 2024ರ ವೈದ್ಯಕೀಯ ನೊಬೆಲ್ ಪಡೆದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಇಬ್ಬರೂ ಎಂಐಟಿಯಲ್ಲಿ ರಾಬರ್ಟ್ ಹಾರ್ವಿಟ್ಜ್ ಅವರ ಲ್ಯಾಬಿನಲ್ಲಿ ಪೋಸ್ಟ್‌ಡಾಕ್ ಆಗಿದ್ದವರು. ಅಲ್ಲಿ ಹುಳುವಿನ ಲಿನ್-4, ಲಿನ್-14 ಜೀನ್‌ಗಳ ಮೇಲೆ ಶುರುವಾದ ಕೆಲಸವನ್ನು ತಮ್ಮ ಸ್ವಂತ ಲ್ಯಾಬುಗಳಿಗೆ ಒಯ್ದರು. ಮೈಕ್ರೋ ಆರ್‌ಎನ್‌ಎ ಎಂಬ ಪುಟ್ಟ ಆರ್‌ಎನ್‌ಎಗಳ ಬಗ್ಗೆ ಅವರ ಪ್ರಬಂಧಗಳು ಬಂದದ್ದು ಆಮೇಲೆ, 1993ರಲ್ಲಿ. ಒಯ್ಯಲು ಬಿಡುವ ಪಿಐ ಸಿಗುವುದು ಎಷ್ಟು ದೊಡ್ಡ ವಿಷಯ ಅಂತ ಯೋಚಿಸಿ. ನನ್ನ ಪಿಐ ಯಾವುದು ನನ್ನದು, ಯಾವುದು ಲ್ಯಾಬಿನದು ಅಂತ ಬಿಡಿಸಿ ಹೇಳಿದರು. ಅದನ್ನು ಇಮೇಲಿನಲ್ಲೂ ಬರೆಸಿಕೊಂಡೆ.

ಪೋಸ್ಟ್‌ಡಾಕ್ ಅನ್ನುವುದು ಹೆಸರಿಗೆ ತರಬೇತಿ ಹುದ್ದೆ. ಆದರೆ ತರಬೇತಿ ತಾನಾಗಿ ಬರುವುದಿಲ್ಲ, ಕೇಳಿ ಪಡೆಯಬೇಕು. ನಾರ್ದರ್ನ್ ಬ್ಲಾಟ್ ಚೆನ್ನಾಗಿ ಬರುತ್ತದೆ ಅಂತ ಗೊತ್ತಾದರೆ ಎಲ್ಲರ ನಾರ್ದರ್ನ್ ನಮ್ಮ ಬೆಂಚಿಗೇ ಬರುತ್ತದೆ. ನಾನು ನ್ಯಾನೋಪೋರ್ ಯಂತ್ರದಲ್ಲಿ ಆರ್‌ಎನ್‌ಎಯನ್ನು ನೇರವಾಗಿ ಓದುವುದು ಕಲಿಯಬೇಕು, ಎಂಆರ್‌ಎನ್‌ಎ ತುದಿಯ ಪಾಲಿ-ಎ ಬಾಲದ ಉದ್ದವನ್ನು ನನ್ನ ಡೇಟಾದಿಂದ ನಾನೇ ಲೆಕ್ಕ ಹಾಕಬೇಕು ಅಂತ ಮೊದಲೇ ಹೇಳಿದ್ದೆ. ವಾರದಲ್ಲಿ ಒಂದು ದಿನ ಅದಕ್ಕೇ ಮೀಸಲಿಟ್ಟೆ. ಈಗ ಆರ್ ಅಥವಾ ಪೈಥಾನ್ ಪ್ರೋಗ್ರಾಮಿಂಗ್ ಬಾರದವರಿಗೆ ಈ ಕ್ಷೇತ್ರದಲ್ಲಿ ಉಸಿರುಕಟ್ಟುತ್ತದೆ. ಊರಲ್ಲಿರುವಾಗಲೇ ಕಲಿಯಬಹುದು, ದುಡ್ಡು ಬೇಕಿಲ್ಲ. ಮಾತಾಡುವ ಅಭ್ಯಾಸಕ್ಕೆ ಈ ಭಾಗದಲ್ಲಿ ರಸ್ಟ್‌ಬೆಲ್ಟ್ ಆರ್‌ಎನ್‌ಎ ಮೀಟಿಂಗ್ ಇದೆ. ಅಲ್ಲಿ ಹೆಚ್ಚಿನ ಭಾಷಣಗಳು ವಿದ್ಯಾರ್ಥಿಗಳದು, ಪೋಸ್ಟ್‌ಡಾಕ್‌ಗಳದು. ಪ್ರಾಧ್ಯಾಪಕರು ಕೆಳಗೆ ಕೂತು ಕೇಳುತ್ತಾರೆ. ಮುಂದೆ ಯಾರನ್ನು ಕರೆಯಬೇಕು ಅಂತ ಅವರು ಕಣ್ಣಿಟ್ಟಿರುವುದೂ ಅಲ್ಲೇ.

ಮನೆಯಲ್ಲಿ ಅಪ್ಪ ಈಗಲೂ "ಇನ್ನೂ ಓದ್ತಾ ಇದ್ದೀಯಾ, ಕೆಲಸಾನಾ?" ಅಂತ ಕೇಳುತ್ತಾರೆ. ಕೋವಿಡ್ ಲಸಿಕೆ ಬಂದ ಮೇಲೆ ಎಂಆರ್‌ಎನ್‌ಎ ಅನ್ನುವ ಹೆಸರಾದರೂ ಅವರಿಗೆ ಪರಿಚಯ. ಅದಕ್ಕೆ ಮೊದಲು ವಿವರಿಸುವುದು ಇನ್ನೂ ಕಷ್ಟವಿತ್ತು. ವರ್ಷ ವರ್ಷ ನವೀಕರಿಸುವ ಕಾಂಟ್ರಾಕ್ಟ್, ಜೆ-1 ವೀಸಾದಲ್ಲಿ ರಿಸರ್ಚ್ ಸ್ಕಾಲರ್ ಆಗಿದ್ದರೆ ಹೆಚ್ಚೆಂದರೆ ಐದು ವರ್ಷ. ಇದನ್ನು ಮನೆಯವರಿಗೆ ಹೊರಡುವ ಮೊದಲೇ ಬಿಡಿಸಿ ಹೇಳಿ. ವಾಪಸ್ ಬರುವ ಆಲೋಚನೆ ಇದ್ದರೆ ಡಿಬಿಟಿಯ ರಾಮಲಿಂಗಸ್ವಾಮಿ ಫೆಲೋಶಿಪ್, ಇಂಡಿಯಾ ಅಲಯನ್ಸ್ ಫೆಲೋಶಿಪ್‌ಗಳ ಷರತ್ತುಗಳನ್ನು ಈಗಲೇ ಓದಿಟ್ಟುಕೊಳ್ಳಿ.

ಶಿಫಾರಸು ಪತ್ರ ಕೊಡುವವರಿಗೆ ತಿಂಗಳು ಮೊದಲೇ ಹೇಳಿ, ಜೊತೆಗೆ ನೀವು ಅವರ ಹತ್ತಿರ ಮಾಡಿದ ಕೆಲಸವನ್ನು ಅರ್ಧ ಪುಟದಲ್ಲಿ ಬರೆದು ಕೊಡಿ. ಸೀನಿಯರ್ ಒಬ್ಬರ ಪತ್ರವೂ ಕೆಲವೊಮ್ಮೆ ಕೆಲಸಕ್ಕೆ ಬರುತ್ತದೆ. ನನ್ನ ಬಗ್ಗೆ ಪಿಐ ಫೋನ್ ಮಾಡಿ ಹೆಚ್ಚು ಹೊತ್ತು ಮಾತಾಡಿದ್ದು ಮಂಡ್ಯದ ಅಕ್ಕನ ಜೊತೆ. ಆಫರ್ ಬಂದ ಮೇಲೆ ಜೆ-1 ವೀಸಾಕ್ಕೆ ಬೇಕಾದ ಡಿಎಸ್-2019 ಕಾಗದ, ಅದರ ಮೇಲೆ ವೀಸಾ ಇಂಟರ್‌ವ್ಯೂ ದಿನ, ಇವೆರಡಕ್ಕೂ ಸಾಕಷ್ಟು ತಿಂಗಳು ಬೇಕು. ಸೇರುವ ದಿನಾಂಕವನ್ನು ಆ ಲೆಕ್ಕದಲ್ಲೇ ಒಪ್ಪಿಕೊಳ್ಳಿ.