ಚಳಿಗೆ ಮುನ್ನ ಉಗ್ರಾಣ ತುಂಬಿಸುವ ಕೆಲಸ

ಒಂದು ಬೆಳಿಗ್ಗೆ ಹಿತ್ತಿಲಿಗೆ ಹೋದಾಗ ಸಿಹಿಗುಂಬಳದ ಬಳ್ಳಿಯ ಎಲೆಗಳೆಲ್ಲ ಬೆಂಕಿ ತಾಗಿದಂತೆ ಕಪ್ಪಾಗಿ ಜೋತುಬಿದ್ದಿದ್ದವು. ರಾತ್ರಿ ಇಬ್ಬನಿ ಹೆಪ್ಪುಗಟ್ಟಿತ್ತು. ಹಿಂದಿನ ಸಂಜೆಯೇ ಕಾಯಿಗಳನ್ನು ಕೊಯ್ದು ಒಳಗಿಟ್ಟಿದ್ದರಿಂದ ನಷ್ಟವೇನೂ ಆಗಲಿಲ್ಲ; ಹಿಮ ತಾಗಿದ ಕುಂಬಳ ಹೊರಗೆ ಗಟ್ಟಿಯಾಗಿಯೇ ಕಂಡರೂ ಕೆಲವೇ ವಾರಗಳಲ್ಲಿ ಮೆತ್ತಗಾಗಿ ಕೊಳೆಯುತ್ತದೆ. ಕ್ಯಾರೆಟ್ ಮತ್ತು ಎಲೆಕೋಸು ಹಾಗಲ್ಲ. ಲಘುವಾದ ಹಿಮವನ್ನು ಅವು ತಾಳಿಕೊಳ್ಳುತ್ತವೆ, ಕ್ಯಾರೆಟ್ ಅಂತೂ ಚಳಿಗೆ ಇನ್ನಷ್ಟು ಸಿಹಿಯಾಗುತ್ತದೆ. ಆದ್ದರಿಂದ ನನ್ನ ಕೊಯ್ಲು ಕುಂಬಳದಿಂದ ಶುರುವಾಗಿ ಕ್ಯಾರೆಟ್‌ನಲ್ಲಿ ಮುಗಿಯುತ್ತದೆ.

ಈ ಕ್ರಮ ನನಗೆ ಮೊದಲಿನಿಂದಲೂ ತಿಳಿದಿರಲಿಲ್ಲ. ಮೊದಲ ವರ್ಷ ಬೆಳೆದದ್ದನ್ನೆಲ್ಲ ಒಂದೇ ನೆಲಮಾಳಿಗೆಯಲ್ಲಿ ಸಾಲಾಗಿ ಜೋಡಿಸಿ, ತಂಪಾದ ಜಾಗವಿದ್ದರೆ ಸಾಕು ಎಂದು ನಿಶ್ಚಿಂತನಾಗಿದ್ದೆ. ಎರಡು ತಿಂಗಳೊಳಗೆ ಕ್ಯಾರೆಟ್ ಕಹಿಯಾಯಿತು, ಈರುಳ್ಳಿಯ ಕತ್ತಿನಲ್ಲಿ ಬೂಷ್ಟು ಹಿಡಿಯಿತು, ಕುಂಬಳದ ಸಿಪ್ಪೆಯ ಮೇಲೆ ಕುಳಿಗಳೆದ್ದವು. ಮೂರಕ್ಕೂ ಮೂರು ಬೇರೆ ಕಾರಣಗಳಿದ್ದವು. ಪಕ್ಕದಲ್ಲಿದ್ದ ಸೇಬು ಬಿಡುವ ಎಥಿಲೀನ್ ಅನಿಲದಿಂದ ಕ್ಯಾರೆಟ್ ಕಹಿಯಾಗಿತ್ತು. ನೆಲಮಾಳಿಗೆಯ ತೇವ ಈರುಳ್ಳಿಯನ್ನು ಕೆಡಿಸಿತ್ತು. ಕ್ಯಾರೆಟ್‌ಗೆ ಹಿತವಾದ ಅದೇ ಚಳಿ ಕುಂಬಳಕ್ಕೆ ವಿಪರೀತವಾಗಿತ್ತು. ಯಾವ ಬೆಳೆ ಯಾವುದರಿಂದ ಕೆಡುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡು ಆಮೇಲೆ ಅದರ ಜಾಗ ಗೊತ್ತುಮಾಡಬೇಕೆಂದು ಆ ವರ್ಷವೇ ನಿಶ್ಚಯಿಸಿದೆ.

ಈಗ ನೆಲಮಾಳಿಗೆಯಲ್ಲಿ ಇರುವುದು ಆಲೂಗಡ್ಡೆ, ಕ್ಯಾರೆಟ್ ಮತ್ತು ಬೀಟ್‌ರೂಟ್ ಮಾತ್ರ. ಆಲೂಗಡ್ಡೆಯನ್ನು ಅಗೆದ ಮೇಲೆ ತೊಳೆಯದೆ, 10ರಿಂದ 15 ಡಿಗ್ರಿ ಸೆಲ್ಸಿಯಸ್ ಇರುವ ಕತ್ತಲೆಯ ಜಾಗದಲ್ಲಿ ಎರಡು ವಾರ ಹರಡಿಡುತ್ತೇನೆ. ಆ ಅವಧಿಯಲ್ಲಿ ಗುದ್ದಲಿ ತಾಗಿದ ಸಣ್ಣ ಗಾಯಗಳು ಮಾಯ್ದು ಸಿಪ್ಪೆ ಗಟ್ಟಿಯಾಗುತ್ತದೆ. ಆಮೇಲೆ 4ರಿಂದ 7 ಡಿಗ್ರಿಯಲ್ಲಿ ಇಟ್ಟರೆ ಚಳಿಗಾಲವಿಡೀ ಬರುತ್ತದೆ. ಅದಕ್ಕಿಂತ ತಣ್ಣಗಾದರೆ ಅದರೊಳಗಿನ ಪಿಷ್ಟ ಸಕ್ಕರೆಯಾಗಿ ತಿರುಗುತ್ತದೆ, ಬೆಳಕು ಬಿದ್ದರೆ ಸಿಪ್ಪೆ ಹಸಿರಾಗಿ ವಿಷಕಾರಿ ಸೊಲನೀನ್ ಹೆಚ್ಚುತ್ತದೆ. ಕ್ಯಾರೆಟ್‌ಗೆ ಸೊಪ್ಪು ತಿರುಚಿ ತೆಗೆದು, ಮರದ ಪೆಟ್ಟಿಗೆಯಲ್ಲಿ ಒಂದು ಪದರ ಮರಳು, ಒಂದು ಪದರ ಗಡ್ಡೆಯಂತೆ, ಒಂದಕ್ಕೊಂದು ತಾಗದ ಹಾಗೆ ಜೋಡಿಸುತ್ತೇನೆ. ಮರಳು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಹಿಂಡಿದರೆ ನೀರು ಬರಬಾರದು. ಈರುಳ್ಳಿ ಮತ್ತು ಬೆಳ್ಳುಳ್ಳಿ ಕತ್ತು ಪೂರ್ತಿ ಒಣಗಿದ ಮೇಲೆ ಅಟ್ಟದ ಒಣ ಚಳಿಯಲ್ಲಿ ಬಲೆಯೊಳಗೆ ತೂಗುತ್ತವೆ. ಕುಂಬಳ ಹತ್ತು ದಿನ ಬೆಚ್ಚಗಿನ ಜಾಗದಲ್ಲಿ ಬಲಿತು, ತೊಟ್ಟಿನ ಸಮೇತ, ಮನೆಯೊಳಗಿನ ತಂಪಾದ ಕೋಣೆಯ ಕಪಾಟು ಸೇರುತ್ತದೆ. ಅದಕ್ಕೆ 10 ಡಿಗ್ರಿಗಿಂತ ಕಡಿಮೆ ಆಗಬಾರದು. ಸೇಬನ್ನು ಇವೆಲ್ಲದರಿಂದ ದೂರ, ಹೊರಗಿನ ಕೊಟ್ಟಿಗೆಯಲ್ಲಿ ಇಟ್ಟಿದ್ದೇನೆ.

ಎಲೆಕೋಸನ್ನು ಹುದುಗಿಸುವುದು ನನಗೆ ಇಡೀ ಹಂಗಾಮಿನಲ್ಲೇ ಅತ್ಯಂತ ಪ್ರಿಯವಾದ ಕೆಲಸ, ಮತ್ತು ಅದಕ್ಕೆ ಚಳಿಗಾಲದ ಆರಂಭಕ್ಕಿಂತ ಒಳ್ಳೆಯ ಸಮಯವಿಲ್ಲ, ಏಕೆಂದರೆ ಆಗ ಅಡುಗೆಮನೆಯ ಉಷ್ಣತೆ ತಾನಾಗಿಯೇ 18ರಿಂದ 22 ಡಿಗ್ರಿಯ ನಡುವೆ ನಿಲ್ಲುತ್ತದೆ. ಕೋಸನ್ನು ಸಣ್ಣಗೆ ಹೆಚ್ಚಿ, ತೂಕ ಮಾಡಿ, ಕಿಲೋಗೆ 20ರಿಂದ 25 ಗ್ರಾಂ ಉಪ್ಪು ಬೆರೆಸುತ್ತೇನೆ. ಚಮಚದ ಅಳತೆಯನ್ನು ನಾನು ನಂಬುವುದಿಲ್ಲ. ಹರಳುಪ್ಪಿನ ಒಂದು ಚಮಚಕ್ಕೂ ಪುಡಿ ಉಪ್ಪಿನ ಒಂದು ಚಮಚಕ್ಕೂ ತೂಕದಲ್ಲಿ ಬಹಳ ಅಂತರವಿದೆ. ಉಪ್ಪು ಕಡಿಮೆಯಾದರೆ ಕೋಸು ಲೋಳೆಯಾಗುತ್ತದೆ, ಹೆಚ್ಚಾದರೆ ಹುದುಗುವಿಕೆ ಎಳೆಯುತ್ತಾ ಹೋಗುತ್ತದೆ. ಎರಡೂ ಕೈಗಳಿಂದ ಹತ್ತು ನಿಮಿಷ ಚೆನ್ನಾಗಿ ಹಿಸುಕಿದರೆ ಬೇಕಾದಷ್ಟು ನೀರು ಕೋಸಿನಿಂದಲೇ ಹೊರಡುತ್ತದೆ. ಜಾಡಿಗೆ ಒತ್ತಿ ತುಂಬಿ, ಮೇಲೊಂದು ಭಾರವಿಟ್ಟು, ಒಂದು ಎಳೆಯೂ ನೀರಿನಿಂದ ಮೇಲೇಳದಂತೆ ನೋಡಿಕೊಳ್ಳಬೇಕು. ಈ ಒಂದು ವಿಷಯದಲ್ಲಿ ಎಷ್ಟು ಎಚ್ಚರ ವಹಿಸಿದರೂ ಹೆಚ್ಚೆನಿಸುವುದಿಲ್ಲ. ಮೊದಲ ಕೆಲವು ದಿನ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾಗಳು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ, ಆ ಅನಿಲ ಜಾಡಿಯೊಳಗಿನ ಗಾಳಿಯನ್ನು ಹೊರದಬ್ಬುತ್ತದೆ. ರಾತ್ರಿ ಮನೆಯೆಲ್ಲ ಮಲಗಿದಾಗ ಆ ಗುಳ್ಳೆಗಳ ಸದ್ದು ಕೇಳಿದರೆ ಕೆಲಸ ಸರಿಯಾಗಿ ನಡೆಯುತ್ತಿದೆಯೆಂದು ನನಗೆ ನೆಮ್ಮದಿ. ಆಮ್ಲ ಹೆಚ್ಚಾದಂತೆ ಅವು ಹಿಂದೆ ಸರಿದು, ಹೆಚ್ಚು ಆಮ್ಲ ತಾಳುವ ಲ್ಯಾಕ್ಟೋಬ್ಯಾಸಿಲಸ್ ಗುಂಪಿನವು ಮುಂದುವರಿಸುತ್ತವೆ. ಮೂರ್ನಾಲ್ಕು ವಾರಗಳಲ್ಲಿ ಹುಳಿ ಹದಕ್ಕೆ ಬಂದ ಮೇಲೆ ಜಾಡಿಯನ್ನು ತಣ್ಣಗಿನ ಜಾಗಕ್ಕೆ ಸಾಗಿಸುತ್ತೇನೆ. ಮೇಲೆ ತೆಳುವಾದ ಬಿಳಿ ಕೆನೆ ಕಟ್ಟಿದರೆ ತೆಗೆದುಹಾಕಿದರೆ ಸಾಕು. ಗುಲಾಬಿ ಬಣ್ಣವೋ ಕಪ್ಪು ಬೂಷ್ಟೋ ಕಂಡರೆ ಇಡೀ ಜಾಡಿಯನ್ನು ಚೆಲ್ಲುತ್ತೇನೆ.

ಗಾಜಿನ ಜಾಡಿಗಳಲ್ಲಿ ಬಿಸಿಮಾಡಿ ಮುಚ್ಚಿಡುವ ವಿಧಾನದಲ್ಲಿ ಇಷ್ಟು ಸಲಿಗೆ ಸಲ್ಲದು. ಎರಡನೆಯ ವರ್ಷ, ಅನುಭವಸ್ಥರೊಬ್ಬರು ಹೇಳಿದರೆಂದು, ಹನ್ನೆರಡು ಜಾಡಿ ಬೀನ್ಸನ್ನು ಕುದಿಯುವ ನೀರಿನಲ್ಲಿ ಮೂರು ಗಂಟೆ ಇಟ್ಟು ಮುಚ್ಚಳ ಬಿಗಿದಿದ್ದೆ. ಜಾಡಿಗಳು ನೋಡಲು ಬಲು ಸುಂದರವಾಗಿದ್ದವು. ಬಾಟುಲಿಸಮ್ ವಿಷ ಹುಟ್ಟಿಸುವ ಬ್ಯಾಕ್ಟೀರಿಯಾದ ಬೀಜಾಣುಗಳು 100 ಡಿಗ್ರಿಯ ಕುದಿತವನ್ನು ತಾಳಿ ಉಳಿಯುತ್ತವೆ ಎಂಬುದನ್ನೂ, ಗಾಳಿಯಿಲ್ಲದ, ಹುಳಿಯಿಲ್ಲದ ಮುಚ್ಚಿದ ಜಾಡಿ ಅವುಗಳಿಗೆ ತೀರಾ ಅನುಕೂಲ ಎಂಬುದನ್ನೂ, ವಿಷ ಹುಟ್ಟಿದರೂ ವಾಸನೆಯಾಗಲಿ ರುಚಿಯಾಗಲಿ ಅದನ್ನು ತಿಳಿಸದಿರಬಹುದು ಎಂಬುದನ್ನೂ ಆಮೇಲೆ ಓದಿ ತಿಳಿದೆ. ಹನ್ನೆರಡನ್ನೂ ತೆರೆಯದೆ ದಪ್ಪ ಚೀಲದಲ್ಲಿ ಕಟ್ಟಿ ಎಸೆದೆ. ಹುಳಿಯನ್ನು ಅಳೆಯುವ ಪಿಎಚ್ ಎಂಬ ಅಂಕ ಕಡಿಮೆಯಾದಷ್ಟೂ ಹುಳಿ ಹೆಚ್ಚು; ಹಣ್ಣು, ಜಾಮ್‌ಗಳಂತಹ ಪಿಎಚ್ 4.6ಕ್ಕಿಂತ ಕಡಿಮೆಯಿರುವ ಹುಳಿ ಪದಾರ್ಥಗಳಿಗೆ ಕುದಿಯುವ ನೀರು ಸಾಕು. ಟೊಮೆಟೊ ಆ ಗಡಿಯಲ್ಲೇ ಇರುವುದರಿಂದ ಲೀಟರಿನ ಜಾಡಿಗೆ ಎರಡು ದೊಡ್ಡ ಚಮಚದಷ್ಟು ಬಾಟಲಿಯ ನಿಂಬೆರಸ ಹಾಕುತ್ತೇನೆ. ತಾಜಾ ನಿಂಬೆಹಣ್ಣಿನ ಹುಳಿ ಒಂದೇ ಸಮನಾಗಿರುವುದಿಲ್ಲ. ಬೀನ್ಸ್, ಮೆಕ್ಕೆಜೋಳ, ಮಾಂಸ ಇವುಗಳಿಗೆ ಒತ್ತಡದ ಹಬೆಯಿಂದ ಸುಮಾರು 116 ಡಿಗ್ರಿ ಮುಟ್ಟುವ, ಜಾಡಿಗಳನ್ನು ಬಿಸಿಮಾಡುವ ಪಾತ್ರೆಯಾದ ಪ್ರೆಷರ್ ಕ್ಯಾನರ್ ಬೇಕೇಬೇಕು. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಮೇಲೇರಿದಂತೆ ನೀರು ಸುಮಾರು ಒಂದು ಡಿಗ್ರಿ ಮೊದಲೇ ಕುದಿಯುವುದರಿಂದ, ಎತ್ತರದ ಊರಿನವರು ಪರೀಕ್ಷಿತ ಪಟ್ಟಿಯನ್ನು ನೋಡಿ ಸಮಯವನ್ನೋ ಒತ್ತಡವನ್ನೋ ಹೆಚ್ಚಿಸಲೇಬೇಕು. ನಡುವೆ ಒತ್ತಡ ನಿಗದಿಗಿಂತ ಇಳಿದರೆ ಸಮಯವನ್ನು ಮೊದಲಿನಿಂದ ಎಣಿಸುತ್ತೇನೆ. ಜಾಡಿಯಲ್ಲಿ ಆಹಾರವನ್ನು ಮುಚ್ಚಿ ಬಿಸಿಮಾಡುವ ವಿಧಾನವನ್ನು 1810ರಲ್ಲಿ ಪ್ರಕಟಿಸಿದ ಫ್ರಾನ್ಸಿನ ನಿಕೊಲಾ ಅಪ್ಪೆರ್‌ಗೆ ಅದು ಏಕೆ ಫಲಿಸುತ್ತದೆಂಬುದು ಗೊತ್ತಿರಲಿಲ್ಲ. ಸೂಕ್ಷ್ಮಜೀವಿಗಳ ಪಾತ್ರವನ್ನು ಲೂಯಿ ಪಾಶ್ಚರ್ ತೋರಿಸುವಷ್ಟರಲ್ಲಿ ಅರ್ಧ ಶತಮಾನ ಕಳೆದಿತ್ತು. ಕಾರಣ ತಿಳಿದ ಮೇಲೂ ಅಂದಾಜಿನಲ್ಲಿ ಕೆಲಸ ಮಾಡುವುದಕ್ಕೆ ನನಗೆ ಮನಸ್ಸು ಒಪ್ಪುವುದಿಲ್ಲ.

ಉಳಿದ ಸೇಬನ್ನು ತೆಳ್ಳಗೆ ಹೆಚ್ಚಿ 57 ಡಿಗ್ರಿಯ ಆಸುಪಾಸಿನಲ್ಲಿ ಒಣಗಿಸುತ್ತೇನೆ. ಒಣಗಿದ್ದನ್ನು ಜಾಡಿಗೆ ಮುಕ್ಕಾಲು ತುಂಬಿ, ವಾರ, ಹತ್ತು ದಿನ ದಿನಕ್ಕೊಮ್ಮೆ ಕುಲುಕಿದರೆ ತುಂಡುಗಳ ನಡುವೆ ತೇವ ಸಮನಾಗುತ್ತದೆ. ಗಾಜಿನ ಒಳಗೆ ಹನಿ ಕಂಡರೆ ಮತ್ತೆ ಒಣಗಿಸುತ್ತೇನೆ.

ಚಳಿ ಬಲಿತ ಮೇಲೆ ವಾರಕ್ಕೊಮ್ಮೆ ದೀಪ ಹಿಡಿದು ಎಲ್ಲ ಜಾಗಗಳನ್ನೂ ಸುತ್ತುತ್ತೇನೆ. ಪೆಟ್ಟಿಗೆಗಳನ್ನು ಕೈಯಿಂದ ತಡವಿ, ಮೂಸಿ, ಮೆತ್ತಗಾದದ್ದನ್ನು ಹೊರತೆಗೆಯುತ್ತೇನೆ, ಮರಳು ಒಣಗಿದ್ದರೆ ನೀರು ಚಿಮುಕಿಸುತ್ತೇನೆ, ಜಾಡಿಗಳ ಮುಚ್ಚಳ ಉಬ್ಬಿದೆಯೇ ಎಂದು ಬೆರಳಿನಿಂದ ಒತ್ತಿ ನೋಡುತ್ತೇನೆ. ಕಳೆದ ವಾರ ಸಿಕ್ಕಿದ್ದು ಮೂರು ಸೇಬು ಮತ್ತು ಮೊಳಕೆ ಬಿಟ್ಟ ಒಂದು ಈರುಳ್ಳಿ. ಸೇಬಿನ ಕೊಳೆತ ಭಾಗ ಕೋಳಿಗಳ ಪಾಲಾಯಿತು, ಈರುಳ್ಳಿ ಅಂದಿನ ಅಡುಗೆಗೆ ಸೇರಿತು.