ಟ್ಯೂಬ್ ಹೆಡ್‌ಫೋನ್ ಆಂಪ್ ಸುಡ್ತಾ ಇದೆಯಾ? ಫ್ಯಾನ್ ತರುವ ಮೊದಲು ಕರೆಂಟ್ ಇಳಿಸಿ

24 ವೋಲ್ಟ್ ಅಡಾಪ್ಟರ್‌ನಲ್ಲಿ ಓಡುವ, ಬೋರ್ಡಿನ ನಡುವೆ ಒಂದೇ ಒಂದು 12ಎಯು7 ಟ್ಯೂಬ್ ನಿಂತಿರುವ ಚಿಕ್ಕ ಹೈಬ್ರಿಡ್ ಆಂಪ್ (ಟ್ಯೂಬ್, ಟ್ರಾನ್ಸಿಸ್ಟರ್ ಎರಡೂ ಇರುವ ಆಂಪ್ಲಿಫೈಯರ್) ನಿಮ್ಮ ಹತ್ತಿರ ಇದ್ದರೆ ಈ ಬರಹ ನಿಮಗೇ. ಕಡಿಮೆ ದುಡ್ಡಿಗೆ ಸಿಗುವ ಈ ಆಂಪ್‌ನ ದನಿ ನಿಜಕ್ಕೂ ಚೆನ್ನಾಗಿದೆ, ತಂಬೂರಿಯ ಝೇಂಕಾರ ಇದರಲ್ಲಿ ಕೇಳಿದವರು ಮತ್ತೆ ಫೋನಿಗೆ ನೇರ ಹೆಡ್‌ಫೋನ್ ಚುಚ್ಚುವುದಿಲ್ಲ. ತೊಂದರೆ ಒಂದೇ. ವಿಪರೀತ ಬಿಸಿ. ಶಿವಮೊಗ್ಗದಲ್ಲಿ ಏಪ್ರಿಲ್ ಬಂತು ಅಂದರೆ ಕೋಣೆಯೊಳಗೇ 35 ಡಿಗ್ರಿ ದಾಟಿರುತ್ತದೆ, ಅದರ ಮೇಲೆ ಈ ಪೆಟ್ಟಿಗೆ ಬೇರೆ.

ಜನ ತಕ್ಷಣ ಮಾಡೋದು ಏನು? ಪಕ್ಕದಲ್ಲಿ ಫ್ಯಾನ್ ಇಡುತ್ತಾರೆ, ಇಲ್ಲಾ ಬಿಸಿ ಹೊರಹಾಕುವ ದೊಡ್ಡ ಲೋಹದ ಹೀಟ್‌ಸಿಂಕ್ ಹುಡುಕುತ್ತಾರೆ. ಎರಡೂ ತಪ್ಪಲ್ಲ, ಆದರೆ ಅವು ಆಮೇಲಿನ ಮಾತು. ಬಿಸಿ ಹುಟ್ಟುವ ಜಾಗದಲ್ಲೇ ಅದನ್ನು ಅರ್ಧ ಮಾಡಬಹುದು. ಅದಕ್ಕೆ ಬೇಕಿರುವುದು ಎರಡು ರೆಸಿಸ್ಟರ್.

ಕೆಲಸಕ್ಕೆ ಕೈ ಹಾಕುವ ಮೊದಲು ಒಂದು ಮಾತು, ದಯವಿಟ್ಟು ಹಾರಿಸಿ ಓದಬೇಡಿ. ಇಲ್ಲಿ ಹೇಳುತ್ತಿರುವುದು ಹೊರಗಿನ 24 ವೋಲ್ಟ್ ಡಿಸಿ ಅಡಾಪ್ಟರ್‌ನಲ್ಲಿ ನಡೆಯುವ ಆಂಪ್‌ಗೆ ಮಾತ್ರ. ನಿಮ್ಮದು ನೇರ 230 ವೋಲ್ಟ್‌ಗೆ ಹಾಕುವ, ಒಳಗೆ ಟ್ರಾನ್ಸ್‌ಫಾರ್ಮರ್ ಇರುವ, ಪೂರ್ತಿ ಟ್ಯೂಬಿನ ಆಂಪ್ ಆಗಿದ್ದರೆ ಮುಚ್ಚಳ ತೆಗೆಯಬೇಡಿ. ಅದರೊಳಗೆ 100 ವೋಲ್ಟ್‌ಗಿಂತ ಎಷ್ಟೋ ಜಾಸ್ತಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದುಕೊಂಡಿರುತ್ತದೆ, ಜೀವಕ್ಕೇ ಅಪಾಯ. 24 ವೋಲ್ಟ್‌ನಲ್ಲಿ ಶಾಕ್ ಭಯ ಇಲ್ಲ. ಸುಟ್ಟ ಬೆರಳು, ಸುಟ್ಟ ಪಾರ್ಟು, ಅಷ್ಟೇ.

ಈಗ ಬಿಸಿ ಎಲ್ಲಿಂದ ಬರುತ್ತಿದೆ ನೋಡೋಣ. ಟ್ಯೂಬ್ ಕೆಂಪಗೆ ಮಿನುಗುತ್ತದೆ, ಹಾಗಾಗಿ ಎಲ್ಲರೂ ಅದನ್ನೇ ಬೈಯುತ್ತಾರೆ. ಲೆಕ್ಕ ಬೇರೆಯೇ ಹೇಳುತ್ತದೆ. 12ಎಯು7ರ ಹೀಟರ್‌ಗೆ, ಅಂದರೆ ಒಳಗೆ ಕಾದು ಮಿನುಗುವ ತಂತಿಗೆ, ಬೇಕಿರುವುದು 12.6 ವೋಲ್ಟ್, 0.15 ಆಂಪಿಯರ್, ಅಂದರೆ ಸುಮಾರು 1.9 ವಾಟ್. ಇಷ್ಟು ಕಡಿಮೆ ವೋಲ್ಟೇಜ್‌ನಲ್ಲಿ ಟ್ಯೂಬಿನ ಪ್ಲೇಟ್ (ಸಿಗ್ನಲ್ ಹೊರಬರುವ ತಗಡು) ಕಡೆಯಿಂದ ಬರುವ ಬಿಸಿ ಲೆಕ್ಕಕ್ಕೇ ಇಲ್ಲ. ಇನ್ನು ಬೋರ್ಡಿನ ಹೀಟ್‌ಸಿಂಕ್‌ಗಳ ಮೇಲೆ ಕೂತಿರುವವರನ್ನು ನೋಡಿ. ಇಂಥ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಪ್ರತಿ ಚಾನೆಲ್‌ಗೆ ಒಂದು ಐಆರ್‌ಎಫ್630 ಮಾಸ್‌ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್), ಅದರ ಕೆಳಗೆ ಕರೆಂಟ್ ಹಿಡಿದಿಡಲು ಒಂದು ಎಲ್‌ಎಂ317 ರೆಗ್ಯುಲೇಟರ್ ಚಿಪ್ ಇರುತ್ತವೆ. ಟ್ಯೂಬ್ ಸಿಗ್ನಲ್ ದೊಡ್ಡದು ಮಾಡುತ್ತದೆ, ಹೆಡ್‌ಫೋನ್ ತಳ್ಳುವ ಕೆಲಸ ಮಾಸ್‌ಫೆಟ್‌ನದು. ಒಂದೊಂದು ಚಾನೆಲ್‌ನಲ್ಲಿ ಸುಮಾರು 250 ಮಿಲಿಆಂಪ್ ಹರಿಯುತ್ತಲೇ ಇರುತ್ತದೆ. 24 ವೋಲ್ಟ್‌ಗೆ 0.25 ಆಂಪಿಯರ್ ಅಂದರೆ 6 ವಾಟ್, ಎರಡು ಚಾನೆಲ್ ಸೇರಿ 12 ವಾಟ್. ಟ್ಯೂಬಿನ ಆರು ಪಟ್ಟು!

ಇದು ಕ್ಲಾಸ್ ಎ, ಅಂದರೆ ಹಾಡಿರಲಿ ಬಿಡಲಿ ಕರೆಂಟ್ ಒಂದೇ ಸಮ ಹರಿಯುವ ಬಗೆ ಅನ್ನುವುದೂ ಗೊತ್ತಿರಲಿ. ವಾಲ್ಯೂಮ್ ಸಣ್ಣಗೆ ಇಟ್ಟರೆ ತಣ್ಣಗಿರುತ್ತದೆ ಅಂದುಕೊಳ್ಳಬೇಡಿ. ಹಾಡು ನಿಲ್ಲಿಸಿ ಚಹಾ ಕುಡಿಯಲು ಎದ್ದು ಹೋದರೂ ಆ 12 ವಾಟ್ ಹಾಗೇ ಉರಿಯುತ್ತಿರುತ್ತದೆ.

ಮೊದಲು ಅಳೆಯಿರಿ. ಬಿಸಿ ಅಳೆಯುವ ಪ್ರೋಬ್ ಇರುವ ಮಲ್ಟಿಮೀಟರ್ ಬೇಕು, ತೀರಾ ದುಬಾರಿ ಏನಲ್ಲ. ಆಂಪ್ ಹಾಕಿ ಮುಕ್ಕಾಲು ಗಂಟೆ ಬಿಡಿ, ಪ್ರೋಬಿನ ತುದಿಯನ್ನು ಹೀಟ್‌ಸಿಂಕ್‌ಗೆ ಒತ್ತಿ ಹಿಡಿದು ಓದಿ, ಜೊತೆಗೆ ಕೋಣೆಯ ಬಿಸಿಯನ್ನೂ ಬರೆದುಕೊಳ್ಳಿ. ಪ್ರೋಬಿನ ತುದಿ ಬರೀ ಲೋಹ, ಹಾಗಾಗಿ ಒಮ್ಮೆಗೆ ಒಂದೇ ಹೀಟ್‌ಸಿಂಕ್ ಮುಟ್ಟಲಿ. ನಿಮಗೆ ಬೇಕಿರುವುದು ಎರಡು ಅಂಕಿಗಳ ನಡುವಿನ ವ್ಯತ್ಯಾಸ. ಆಗುಂಬೆಯಲ್ಲಿ ಜುಲೈ ಮಳೆಯಲ್ಲಿ ಕೋಣೆ 23 ಡಿಗ್ರಿ ಇದ್ದಾಗ ಹೀಟ್‌ಸಿಂಕ್ 68 ತೋರಿಸಿತು ಅನ್ನಿ. ಪರವಾಗಿಲ್ಲ ಅನ್ನಿಸುತ್ತದೆ, ಆದರೆ ಏರಿಕೆ 45 ಡಿಗ್ರಿ. ಅದೇ ಆಂಪನ್ನು ಏಪ್ರಿಲ್‌ನಲ್ಲಿ ಶಿವಮೊಗ್ಗ ಪೇಟೆಯ ಆರ್‌ಸಿಸಿ ಮನೆಯ 36 ಡಿಗ್ರಿ ಕೋಣೆಯಲ್ಲಿಟ್ಟರೆ ಹೀಟ್‌ಸಿಂಕ್ 81ಕ್ಕೆ ಹೋಗುತ್ತದೆ. ಮಾಸ್‌ಫೆಟ್‌ನ ಒಳಗಿನ ಚಿಪ್ ಇದಕ್ಕಿಂತ ಇನ್ನೂ ಏಳೆಂಟು ಡಿಗ್ರಿ ಮೇಲೆ, ಎಲ್‌ಎಂ317 ಅದಕ್ಕಿಂತಲೂ ಜಾಸ್ತಿ. ಐಆರ್‌ಎಫ್630 ಒಳಗಡೆ 150 ಡಿಗ್ರಿ ತನಕ, ಎಲ್‌ಎಂ317 125ರ ತನಕ ತಡೆಯುತ್ತವೆ, ಹಾಗಾಗಿ ಅವು ಸಾಯುವುದಿಲ್ಲ. ಸಾಯುವುದು ಪಕ್ಕದಲ್ಲಿ ನಿಂತ ಕೆಪಾಸಿಟರ್‌ಗಳು. ಅದಕ್ಕೇ ಮಳೆಗಾಲದಲ್ಲಿ ಮುಟ್ಟಿ ನೋಡಿ ತೃಪ್ತಿಪಟ್ಟುಕೊಂಡರೆ ಸಾಲದು, ಏರಿಕೆಗೆ ಬೇಸಿಗೆಯ ಕೋಣೆಯ ಬಿಸಿ ಕೂಡಿಸಿ ನೋಡಬೇಕು. ಹೀಟ್‌ಸಿಂಕ್ ಬೇಸಿಗೆಯಲ್ಲೂ 65 ದಾಟಬಾರದು ಅನ್ನುವುದು ನನ್ನ ಗೆರೆ.

ಈಗ ಅಸಲಿ ಕೆಲಸ. ಎಲ್‌ಎಂ317 ತನ್ನ ಎಡಗಡೆಯ ಕಾಲಿಗೂ ನಡುವಿನ ಕಾಲಿಗೂ ಮಧ್ಯೆ ಯಾವಾಗಲೂ 1.25 ವೋಲ್ಟ್ ಕಾಯ್ದುಕೊಳ್ಳುತ್ತದೆ. ಅಕ್ಷರ ನಿಮ್ಮ ಕಡೆ ಇಟ್ಟು ನೋಡಿದರೆ ಎಡದ್ದು ಅಡ್ಜಸ್ಟ್, ನಡುವಿನದು ಔಟ್‌ಪುಟ್, ಬಲದ್ದು ಇನ್‌ಪುಟ್. ಮೊದಲ ಎರಡರ ನಡುವೆ ಒಂದು ರೆಸಿಸ್ಟರ್ ಇರುತ್ತದೆ, ಹೆಚ್ಚಾಗಿ 5 ಓಮ್ ಆಸುಪಾಸು. ಕರೆಂಟ್ ಎಷ್ಟು ಅಂದರೆ 1.25 ಅನ್ನು ಆ ಓಮ್‌ನಿಂದ ಭಾಗಿಸಿ. 5ಕ್ಕೆ 250 ಮಿಲಿಆಂಪ್. 7.5ಕ್ಕೆ 167. 10ಕ್ಕೆ 125. ಅಷ್ಟೇ ಗುಟ್ಟು. 10 ಓಮ್ ಹಾಕಿದರೆ ಬಿಸಿ ಅರ್ಧಕ್ಕೆ ಇಳಿಯುತ್ತದೆ, 81 ಡಿಗ್ರಿ ತೋರಿಸುತ್ತಿದ್ದ ಜಾಗದಲ್ಲಿ ಸುಮಾರು 59 ತೋರಿಸುತ್ತದೆ. ಅಡಾಪ್ಟರ್ ಕೂಡ ಉಸಿರು ಬಿಡುತ್ತದೆ.

ದನಿ ಬಡವಾಗುವುದಿಲ್ವಾ? ಲೆಕ್ಕ ಹಾಕೋಣ. 125 ಮಿಲಿಆಂಪ್ ನಿಂತ ಕರೆಂಟ್ ಇದ್ದರೆ 32 ಓಮ್ ಹೆಡ್‌ಫೋನ್‌ಗೆ ಕಾಲು ವಾಟ್ ಕೊಡಬಹುದು. ಒಂದು ಮಿಲಿವಾಟ್‌ಗೆ 100 ಡೆಸಿಬೆಲ್ ಕೊಡುವ ಸಾಮಾನ್ಯ ಹೆಡ್‌ಫೋನ್‌ನಲ್ಲಿ ಅದು 120 ಡೆಸಿಬೆಲ್ ದಾಟುತ್ತದೆ, ಕಿವಿ ಹಾಳಾಗುವಷ್ಟು. 300 ಓಮ್‌ನ ಹೆಡ್‌ಫೋನ್‌ಗೆ ಬೇಕಿರುವುದು ವೋಲ್ಟೇಜ್, ಕರೆಂಟ್ ಅಲ್ಲ. 10 ವೋಲ್ಟ್ ಶಿಖರಕ್ಕೂ 33 ಮಿಲಿಆಂಪ್ ಸಾಕು. ಹಾಗಂತ ಪೂರ್ತಿ ಪುಕ್ಕಟೆ ಅಲ್ಲ. ಕರೆಂಟ್ ಇಳಿದಂತೆ ಮಾಸ್‌ಫೆಟ್‌ನ ಹಿಡಿತ ಸ್ವಲ್ಪ ಸಡಿಲವಾಗುತ್ತದೆ, ಔಟ್‌ಪುಟ್ ಇಂಪೀಡೆನ್ಸ್ (ಆಂಪ್‌ನ ಒಳಗಿನ ತಡೆ) ತುಸು ಏರುತ್ತದೆ. 16 ಓಮ್‌ನ ಇಯರ್‌ಫೋನ್ ಅಥವಾ ಕರೆಂಟಿನ ಹಸಿವು ಜಾಸ್ತಿ ಇರುವ ಪ್ಲೇನಾರ್ (ಚಪ್ಪಟೆ ಪರದೆಯ) ಹೆಡ್‌ಫೋನ್ ಇದ್ದರೆ 7.5 ಓಮ್‌ಗೆ ನಿಲ್ಲಿಸಿ. ಉಳಿದವರಿಗೆ 10 ಓಮ್ ಅಂತ ಕಣ್ಣು ಮುಚ್ಚಿ ಹೇಳುತ್ತೇನೆ. ಕರೆಂಟನ್ನು ಅದಕ್ಕಿಂತಲೂ ಇಳಿಸಲು ಕಾರಣ ಕಾಣುವುದಿಲ್ಲ.

ರೆಸಿಸ್ಟರ್ 1 ವಾಟ್‌ನ ಮೆಟಲ್ ಫಿಲ್ಮ್ ತೆಗೆದುಕೊಳ್ಳಿ, 1 ಶೇಕಡಾ ನಿಖರತೆಯದು, ಎರಡೂ ಚಾನೆಲ್ ಒಂದೇ ಸಮ ಇರಲಿ ಅಂತ. ಶಿವಮೊಗ್ಗದ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗುವವರಿಗೆ ಹೇಳಿ ತರಿಸಿ. ಅಡಾಪ್ಟರ್ ಕಿತ್ತು, ದೊಡ್ಡ ಕೆಪಾಸಿಟರ್‌ಗಳ ಮೇಲೆ ವೋಲ್ಟೇಜ್ ಒಂದಕ್ಕಿಂತ ಕೆಳಗೆ ಇಳಿದಿದೆಯಾ ನೋಡಿಕೊಂಡು ಶುರು ಮಾಡಿ. ಹಳೇ ರೆಸಿಸ್ಟರ್‌ನ ಕಾಲುಗಳನ್ನು ಮೇಲಿನಿಂದಲೇ ಕತ್ತರಿಸಿ, ಆಮೇಲೆ ಒಂದೊಂದೇ ತುಂಡು ಕರಗಿಸಿ ತೆಗೆಯಿರಿ. ಇಡೀ ರೆಸಿಸ್ಟರ್ ಎಳೆಯಲು ಹೋದರೆ ಬೋರ್ಡಿನ ತಾಮ್ರದ ಪ್ಯಾಡ್ ಎದ್ದು ಬರುತ್ತದೆ, ಅಗ್ಗದ ಬೋರ್ಡುಗಳಲ್ಲಂತೂ ಖಂಡಿತ. 25 ವಾಟ್ ಸೋಲ್ಡರಿಂಗ್ ಐರನ್ ಸಾಕು. ಹೊಸದನ್ನು ಬೋರ್ಡಿನಿಂದ ಎರಡು ಮೂರು ಮಿಲಿಮೀಟರ್ ಮೇಲೆ ನಿಲ್ಲಿಸಿ.

ಆಮೇಲೆ ಹೆಡ್‌ಫೋನ್ ಚುಚ್ಚದೆ ಆನ್ ಮಾಡಿ. ರೆಸಿಸ್ಟರ್‌ನ ಎರಡು ತುದಿಗಳ ನಡುವೆ 1.25 ವೋಲ್ಟ್ ಬರಬೇಕು. ಇಪ್ಪತ್ತು ನಿಮಿಷ ಕಾಯಿಸಿದ ಮೇಲೆ ಮಾಸ್‌ಫೆಟ್‌ನ ಸೋರ್ಸ್ ಕಾಲು, ಅಂದರೆ ಬಲಗಡೆಯದು, ಗ್ರೌಂಡ್‌ಗೆ ಹೋಲಿಸಿದರೆ ಎಷ್ಟಿದೆ ನೋಡಿ. ಸಪ್ಲೈಯ ಸುಮಾರು ಅರ್ಧ, 11ರಿಂದ 12 ವೋಲ್ಟ್ ಇದ್ದರೆ ಸರಿ. ಹಾಗಿದ್ದಾಗ ಮಾತ್ರ ಬಿಸಿ ಮಾಸ್‌ಫೆಟ್‌ಗೂ ಎಲ್‌ಎಂ317ಗೂ ಸಮನಾಗಿ ಹಂಚಿಹೋಗುತ್ತದೆ. ಬೋರ್ಡಿನಲ್ಲಿ ಟ್ರಿಮ್‌ಪಾಟ್ (ಸ್ಕ್ರೂಡ್ರೈವರ್‌ನಲ್ಲಿ ತಿರುಗಿಸುವ ಪುಟ್ಟ ರೆಸಿಸ್ಟರ್) ಇದ್ದರೆ ನಿಧಾನಕ್ಕೆ ತಿರುಗಿಸಿ ಅಲ್ಲಿಗೆ ತನ್ನಿ. ಒಂದು ಹೀಟ್‌ಸಿಂಕ್ ಮಾತ್ರ ಸುಡುತ್ತಿದೆ ಅನ್ನುವವರಲ್ಲಿ ಬಹಳಷ್ಟು ಸಲ ಇದೇ ತಪ್ಪಿರುತ್ತದೆ.

ಮಾಸ್‌ಫೆಟ್‌ನ ಸೋರ್ಸ್‌ನಲ್ಲಿ 12 ವೋಲ್ಟ್ ನಿಂತಿರುವುದರಿಂದಲೇ ಹೆಡ್‌ಫೋನ್‌ಗೆ ಮೊದಲು ಒಂದು ದೊಡ್ಡ ಕೆಪಾಸಿಟರ್ ಬರುತ್ತದೆ. ಆನ್ ಮಾಡಿದಾಗ ಅದು ತುಂಬಿಕೊಳ್ಳುವ ಹೊತ್ತಿಗೆ ಧಡ್ ಅಂತ ಸದ್ದು. ಯಾವಾಗಲೂ ಒಂದು ನಿಮಿಷ ಬಿಟ್ಟು ಹೆಡ್‌ಫೋನ್ ಚುಚ್ಚಿ. ಈ ಕೆಪಾಸಿಟರ್‌ಗಳನ್ನೂ ಈಗಲೇ ಬದಲಾಯಿಸಿಬಿಡಿ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ 10 ಡಿಗ್ರಿ ತಣ್ಣಗಾದರೆ ಆಯಸ್ಸು ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ. 85 ಡಿಗ್ರಿ ಅಂತ ಬರೆದದ್ದಿದ್ದರೆ ತೆಗೆದು 105ರದ್ದು ಹಾಕಿ, 35 ವೋಲ್ಟ್‌ನದು. 470 ಮೈಕ್ರೋಫ್ಯಾರಡ್ ಇದ್ದರೆ 32 ಓಮ್‌ನಲ್ಲಿ ಸುಮಾರು 10 ಹರ್ಟ್ಸ್‌ಗೆ ದನಿ ಇಳಿಯಲು ಶುರು, 1000 ಹಾಕಿದರೆ 5 ಹರ್ಟ್ಸ್. ಯಕ್ಷಗಾನದ ಮದ್ದಳೆ ಕೇಳುವವರು 1000 ಹಾಕಿ ನೋಡಿ. ಹೀಟ್‌ಸಿಂಕ್‌ಗೆ ತಾಗಿಕೊಂಡು ನಿಲ್ಲಿಸಬೇಡಿ, ಜಾಗ ಇದ್ದಷ್ಟು ಆಚೆ ಬಾಗಿಸಿ.

ಇಷ್ಟಾದ ಮೇಲೂ ದೊಡ್ಡ ಹೀಟ್‌ಸಿಂಕ್ ಬೇಕು ಅನ್ನಿಸಿದರೆ ಹಾಕಿ, ಆದರೆ ಹುಷಾರು. ಮಾಸ್‌ಫೆಟ್‌ನ ಲೋಹದ ಬೆನ್ನು ಡ್ರೇನ್, ಅಂದರೆ ನೇರ 24 ವೋಲ್ಟ್. ಎಲ್‌ಎಂ317ರ ಬೆನ್ನು ಔಟ್‌ಪುಟ್, ಅಲ್ಲಿ ಇರುವುದು 1.25 ವೋಲ್ಟ್. ಎರಡನ್ನೂ ಒಂದೇ ಅಲ್ಯೂಮಿನಿಯಂಗೆ ಹಾಗೇ ಬಿಗಿದರೆ ರೆಸಿಸ್ಟರ್ ಹೊಗೆಯಾಗುತ್ತದೆ. ನಡುವೆ ಮೈಕಾ ಅಥವಾ ಸಿಲಿಕೋನ್ ಪ್ಯಾಡ್, ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಬೇಕೇ ಬೇಕು. ಬಿಗಿದ ಮೇಲೆ ಮೀಟರ್ ಬೀಪ್ ಮೋಡ್‌ನಲ್ಲಿಟ್ಟು ಬೆನ್ನಿಗೂ ಹೀಟ್‌ಸಿಂಕ್‌ಗೂ ಸಂಪರ್ಕ ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ಬೋರ್ಡಿನ ಮೂಲ ಹೀಟ್‌ಸಿಂಕ್‌ಗಳೂ ಎಷ್ಟೋ ಸಲ ಹೀಗೇ ಕರೆಂಟ್ ಹೊತ್ತು ನಿಂತಿರುತ್ತವೆ, ಒಂದಕ್ಕೊಂದು ಸ್ಕ್ರೂಡ್ರೈವರ್ ತಾಗಿಸಬೇಡಿ. ಬಿಸಿ ದಾಟಿಸುವ ಪೇಸ್ಟ್ ತೆಳ್ಳಗೆ ಸವರಿದರೆ ಸಾಕು. ಫಿನ್‌ಗಳು ನೆಟ್ಟಗೆ ನಿಲ್ಲಲಿ, ಬಿಸಿ ಗಾಳಿ ಮೇಲೆ ಹೋಗಲು ದಾರಿ ಅದೇ.

ಗಾಳಿಯ ವಿಷಯದಲ್ಲಿ ಜಾಸ್ತಿ ಹೇಳುವುದಿಲ್ಲ. ಕೆಳಗೆ ಎತ್ತರದ ರಬ್ಬರ್ ಕಾಲು ಹಾಕಿ. ಮೇಲಿನ ಅಕ್ರಿಲಿಕ್ ಹಲಗೆಯನ್ನು ಉದ್ದನೆಯ ಸ್ಪೇಸರ್ ಮೇಲೆ ಎತ್ತಿ ಕೂರಿಸಿ. ಗಾಜಿನ ಬಾಗಿಲಿನ ಶೋಕೇಸ್ ಒಳಗೆ, ಕಸೂತಿ ಬಟ್ಟೆಯ ಮೇಲೆ ಇಡಬೇಡಿ. ಹಂಚಿನ ಮನೆಯಾದರೆ ಬೇಸಿಗೆ ಮಧ್ಯಾಹ್ನ ಅಟ್ಟಕ್ಕಿಂತ ಕೆಳಗಿನ ಜಗುಲಿ ಎಷ್ಟೋ ತಂಪು, ಅಲ್ಲೇ ಕೂತು ಕೇಳಿ. ಫ್ಯಾನ್ ಬೇಕೇ ಬೇಕು ಅಂದರೆ 12 ವೋಲ್ಟ್‌ನ 80 ಮಿಲಿಮೀಟರ್ ಫ್ಯಾನನ್ನು ಬೇರೆ ಮೊಬೈಲ್ ಚಾರ್ಜರ್‌ನ 5 ವೋಲ್ಟ್‌ನಲ್ಲಿ ಓಡಿಸಿ ನೋಡಿ, ತಿರುಗಿದರೆ ಸದ್ದೇ ಇರುವುದಿಲ್ಲ. ಆಂಪಿನ ಅಡಾಪ್ಟರ್‌ನಿಂದಲೇ ಕರೆಂಟ್ ಕೊಟ್ಟರೆ ಹೆಡ್‌ಫೋನ್‌ನಲ್ಲಿ ಗುಯ್ ಅನ್ನುತ್ತದೆ.

ನಮ್ಮ ಕಡೆ ಬಿಸಿಯಷ್ಟೇ ದೊಡ್ಡ ಶತ್ರು ತೇವ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜೂನ್‌ನಿಂದ ಗೋಡೆಯೇ ಬೆವರುತ್ತದೆ. ಟ್ಯೂಬಿನ ಪಿನ್, ಸಾಕೆಟ್ ಎರಡೂ ಮಂಕಾಗಿ ಚರಚರ ಶುರುವಾಗುತ್ತದೆ, ಟ್ಯೂಬ್ ಹೋಯಿತು ಅಂತ ಜನ ಹೊಸದು ತರಿಸುತ್ತಾರೆ. ಅದಕ್ಕೆ ಮೊದಲು ಆಂಪ್ ಆರಿಸಿ, ಟ್ಯೂಬ್ ತಣ್ಣಗಾದ ಮೇಲೆ ಕಿತ್ತು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಪಿನ್ ಒರೆಸಿ, ಒಣಗಿದ ಮೇಲೆ ನಾಲ್ಕೈದು ಸಲ ಹಾಕಿ ತೆಗೆಯಿರಿ. ಬಹಳಷ್ಟು ಸಲ ಅಷ್ಟಕ್ಕೇ ಸರಿಹೋಗುತ್ತದೆ. ಮಳೆಗಾಲದಲ್ಲಿ ಆಂಪನ್ನು ದಿನಾ ಅರ್ಧ ಗಂಟೆಯಾದರೂ ಓಡಿಸಿ, ಆ ಬಿಸಿಯೇ ಬೋರ್ಡ್ ಒಣಗಿಸುತ್ತದೆ. ಸುಮ್ನೆ ಎತ್ತಿಡುವುದಾದರೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಒಲೆ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಅಂತ ಅಲ್ಲಿ ಮಾತ್ರ ಇಡಬೇಡಿ, ಹೊಗೆಯ ಜಿಡ್ಡು ಸಾಕೆಟ್ ಒಳಗೆ ಕೂತರೆ ಬಿಡಿಸುವುದು ಕಷ್ಟ. ಗುಡುಗು ಕೇಳಿಸಿದರೆ ಅಡಾಪ್ಟರ್ ಗೋಡೆಯಿಂದ ಕಿತ್ತಿಡಿ.

ಟ್ಯೂಬಿನ ಕೆಳಗೆ ನೀಲಿಯೋ ಕಿತ್ತಳೆಯೋ ಎಲ್‌ಇಡಿ ಇದ್ದರೆ ನಾನು ಕತ್ತರಿಸಿ ಹಾಕು ಅನ್ನುತ್ತೇನೆ. ಆ ಬೆಳಕು ಟ್ಯೂಬಿನದ್ದಲ್ಲ, ದನಿಗೂ ಅದಕ್ಕೂ ಸಂಬಂಧ ಇಲ್ಲ. ಮೊದಲ ಮಳೆಯ ಸಂಜೆ ಮಳೆಹುಳಗಳೆಲ್ಲ ಅದಕ್ಕೇ ಮುತ್ತುತ್ತವೆ, ರೆಕ್ಕೆ ಉದುರಿಸಿ ಹೀಟ್‌ಸಿಂಕ್ ಸಂದಿಯಲ್ಲಿ ಸೇರಿಕೊಳ್ಳುತ್ತವೆ.

ಟ್ಯೂಬ್ ಬದಲಾಯಿಸುವ ಆಸೆ ಇದ್ದವರಿಗೆ ಒಂದು ಮಾತು. 12ಎಯು7ಗೆ ಯುರೋಪಿನ ಹೆಸರು ಇಸಿಸಿ82. ಬೆಂಗಳೂರಿನ ಬಿಇಎಲ್ ಇದನ್ನು ತಯಾರಿಸುತ್ತಿತ್ತು, ಹಳೇ ರೇಡಿಯೋ ರಿಪೇರಿ ಅಂಗಡಿಗಳ ಡಬ್ಬಿಗಳಲ್ಲಿ ಹುಡುಕಿದರೆ ಸಿಗಲೂಬಹುದು, ಕೇಳಲು ನಾಚಬೇಡಿ. ಆದರೆ 6ಡಿಜೆ8 ನೋಡಲು ಹಾಗೇ ಇದೆ ಅಂತ ಚುಚ್ಚಬೇಡಿ. ಅದರ ಹೀಟರ್ 6.3 ವೋಲ್ಟ್‌ನದು, 12.6 ಸಿಕ್ಕರೆ ಹಾಳಾಗುತ್ತದೆ. ಬೋರ್ಡಿನಲ್ಲಿ ಅದಕ್ಕೆಂದೇ ಜಂಪರ್ (ಜಾಗ ಬದಲಿಸುವ ಪುಟ್ಟ ಕೊಂಡಿ) ಇದ್ದರೆ ಮಾತ್ರ ಹಾಕಿ. ಯಾವ ಟ್ಯೂಬ್ ಹಾಕಿದರೂ ಸೋರ್ಸ್ ವೋಲ್ಟೇಜ್ ಮತ್ತೆ ಅಳೆದು ಟ್ರಿಮ್‌ಪಾಟ್ ಸರಿಮಾಡಿ, ಒಂದೊಂದು ಟ್ಯೂಬ್ ಒಂದೊಂದು ಕಡೆ ನಿಲ್ಲುತ್ತದೆ. 12ಎಯು7 ಹಾಕಿದಾಗ 4 ಮತ್ತು 5ನೇ ಪಿನ್ ನಡುವೆ 11.3ರಿಂದ 13.9 ವೋಲ್ಟ್ ಒಳಗೆ ಬರುತ್ತಿದೆಯಾ ಅನ್ನುವುದನ್ನೂ ಅದೇ ಹೊತ್ತಿಗೆ ನೋಡಿಬಿಡಿ.