ನಮ್ಮ ಹೋಟೆಲಿಗೆ ಸಿನಿಮಾದವರು ಬಂದಾಗ

ಮೈಸೂರಿನ ನಜರ್‌ಬಾದ್ ಕಡೆ ನಮ್ಮದೊಂದು ಸಣ್ಣ ದೋಸೆ ಹೋಟೆಲ್. ಗಲ್ಲಾದಲ್ಲಿ ಕೂರುವುದು ನಾನೇ. ಊರಲ್ಲಿ ಶೂಟಿಂಗ್ ಇದ್ದರೆ, ಇಲ್ಲವೇ ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಬಂದಿದ್ದರೆ, ಸಿನಿಮಾದವರು ಬೆಳ್ಳಂಬೆಳಿಗ್ಗೆ ತಿಂಡಿಗೆ ಬರುತ್ತಾರೆ. ಟೋಪಿ, ಮಾಸ್ಕ್ ಎಲ್ಲ ಇರುತ್ತದೆ. ದೋಸೆ ತಿನ್ನೋಕೆ ಮಾಸ್ಕ್ ತೆಗೆಯಲೇಬೇಕಲ್ಲ, ಅಲ್ಲಿಗೆ ಗುಟ್ಟು ರಟ್ಟು.

ಒಮ್ಮೆ ಹೆಸರಾಂತ ನಟರೊಬ್ಬರು ಇನ್ನೂ ಎರಡು ತುತ್ತು ತಿಂದಿರಲಿಲ್ಲ. ಬೆರಳಿಗೆಲ್ಲ ಬೆಣ್ಣೆ, ಸಾಗು. ಒಬ್ಬ ಹುಡುಗ ಹಿಂದಿನಿಂದ ಬಂದು ಹೆಗಲ ಮೇಲೆ ಕೈ ಹಾಕಿ ಮೊಬೈಲ್ ಎತ್ತಿದ. ಅವರು ಪಾಪ, ಎಂಜಲು ಕೈಯನ್ನು ಟೇಬಲ್ ಕೆಳಗೆ ಇಳಿಸಿ ನಕ್ಕರು. "ಸರ್, ಇನ್ನೊಂದು, ಕಣ್ಣು ಮುಚ್ಚಿಬಿಟ್ರಿ" ಅಂದ ಇವನು. ಅಷ್ಟರಲ್ಲಿ ದೋಸೆ ಆರಿಹೋಯಿತು. ನಮ್ಮ ದೋಸೆ ಆರಿದರೆ ತಿನ್ನೋಕಾಗಲ್ಲ, ಅದು ನನ್ನ ಸಂಕಟ.

ಇಂಥವರನ್ನು ತಡೆದರೆ ರಾಜ್‌ಕುಮಾರ್ ಅವರನ್ನು ಎಳೆದು ತರುತ್ತಾರೆ. ಅಣ್ಣಾವ್ರೇ ನಮ್ಮನ್ನು ಅಭಿಮಾನಿ ದೇವರು ಅಂದಿದ್ದರಲ್ವಾ ಅಂತ. ಅಂದಿದ್ದರು, ನಿಜ. ಹಾಗಂತ ದೇವರು ತಟ್ಟೆ ಮುಂದೆಯೇ ಪ್ರತ್ಯಕ್ಷ ಆಗಬೇಕಾ?

ನಾನು ಮೊದಲು ಮೂಲೆ ಟೇಬಲ್ ಕೊಡುತ್ತೇನೆ, ಗೋಡೆಗೆ ಮುಖ ಮಾಡಿ ಕೂರುವ ಹಾಗೆ. ಹೆಸರು ಕೂಗಬೇಡಿ, ಬೇರೆಯವರಿಗೆ ಹೇಗೋ ಹಾಗೇ ಕೊಡಿ ಅಂತ ಸಪ್ಲೈಯರ್ ಹುಡುಗರಿಗೆ ಹೇಳಿಟ್ಟಿದ್ದೇನೆ. ಯಾರಾದರೂ ಮೊಬೈಲ್ ಹಿಡಿದು ಆ ಕಡೆ ಹೊರಟರೆ "ತಿಂಡಿ ಮುಗೀಲಿ ಸ್ವಾಮಿ, ಕೈ ತೊಳೀಲಿ" ಅನ್ನುತ್ತೇನೆ. ಮುಕ್ಕಾಲು ಜನ ಕೇಳುತ್ತಾರೆ. ಉಳಿದವರು ಕೈ ತೊಳೆಯುವ ಜಾಗದಲ್ಲೇ ಹೋಗಿ ನಿಲ್ಲುತ್ತಾರೆ!

ಬಿಲ್ ವಿಷಯದಲ್ಲಿ ನಾನು ಸ್ವಲ್ಪ ಖಡಕ್. "ಅಯ್ಯೋ, ನಿಮ್ಮ ಹತ್ರ ದುಡ್ಡಾ?" ಅನ್ನುವುದು ನಮ್ಮ ಹೋಟೆಲಿನವರಲ್ಲಿ ಮಾಮೂಲಿ. ಆದರೆ ದುಡ್ಡು ಬೇಡ ಅಂದಮೇಲೆ ಫೋಟೋಗೆ ಇಲ್ಲ ಅನ್ನೋಕೆ ಅವರಿಗೆ ಬಾಯಿ ಬರಲ್ಲ. ಅದಕ್ಕೇ ಪೂರ್ತಿ ಬಿಲ್ ತಗೊಂಡು, ಚಿಲ್ಲರೆ ಕೊಟ್ಟು, ಆಮೇಲೆ ಕೇಳುತ್ತೇನೆ. "ಸರ್, ಒಂದು ಫೋಟೋ ಆಗುತ್ತಾ? ಅರ್ಜೆಂಟ್ ಇದ್ರೆ ಪರವಾಗಿಲ್ಲ." ಆ ಎರಡನೇ ಮಾತು ಸುಮ್ನೆ ಬಾಯಿಮಾತಿಗೆ ಅಲ್ಲ. ಒಬ್ಬ ನಟಿ "ಇವತ್ತು ಬೇಡ ಅಣ್ಣ, ಮನಸ್ಸು ಸರಿ ಇಲ್ಲ" ಎಂದರು. "ಆಯ್ತಮ್ಮ" ಅಂದು ಅವರ ಪಾರ್ಸೆಲ್ ಕೈಗಿತ್ತೆ, ಅಷ್ಟೇ. ಜೊತೆಯಲ್ಲಿ ಮಕ್ಕಳಿದ್ದರೆ ಕೇಳುವುದೇ ಇಲ್ಲ.

ರಂಗಾಯಣದವರು ಬಂದರೆ ಮಾತ್ರ ಲೆಕ್ಕ ಬೇರೆ. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ನಾಟಕ ಸಂಸ್ಥೆ, ನಮ್ಮೂರಿನದೇ. ಆದರೂ ಅಲ್ಲಿನ ಕಲಾವಿದರನ್ನು ಹೋಟೆಲಲ್ಲಿ ಗುರುತು ಹಿಡಿಯುವವರು ಕಮ್ಮಿ. ಅವರ ಹತ್ತಿರ ನಾನೇ ಹೋಗಿ ಮಾತಾಡಿಸುತ್ತೇನೆ, ಅದೂ ತಿಂಡಿ ಆದಮೇಲೆ. "ಚೆನ್ನಾಗಿ ಮಾಡ್ತೀರಿ" ಅಂದರೆ ಥ್ಯಾಂಕ್ಸ್ ಅಂದು ಮುಗಿಸುತ್ತಾರೆ. ಅವರ ಬಹುರೂಪಿ ನಾಟಕೋತ್ಸವದಲ್ಲಿ ಇಂಥ ಪಾತ್ರ ನೋಡಿದೆ, ಇಂಥ ಕಡೆ ನಕ್ಕೂ ನಕ್ಕೂ ಸಾಕಾಯ್ತು ಅಂದರೆ ಸಾಕು, ಇನ್ನೊಂದು ಕಾಫಿ ಹೇಳುತ್ತಾರೆ.

ಫೋಟೋ ಸಿಕ್ಕರೂ ಕಾರು ಹೊರಟ ಮೇಲೇ ಸ್ಟೇಟಸ್‌ಗೆ ಹಾಕುವುದು. ಮೊದಲೇ ಹಾಕಿದರೆ ಬಾಗಿಲ ಮುಂದೆ ಬರೀ ಬೈಕು. ಅವರಿಗೆ ಹೊರಗೆ ಹೋಗೋಕಾಗಲ್ಲ, ನನ್ನ ಗಿರಾಕಿಗೆ ಒಳಗೆ ಬರೋಕಾಗಲ್ಲ. ಸ್ಟೇಟಸ್ ನೋಡಿದ ತಕ್ಷಣ ಭಾಮೈದನ ಫೋನ್. "ಭಾವ, ಇನ್ನೂ ಅಲ್ಲೇ ಇದ್ದಾರಾ?"

"ಆಗ್ಲೇ ಬೆಂಗಳೂರು ರೋಡ್ ಹಿಡಿದ್ರು ಕಣೋ."